ಕುದರಿ ಬಾಡಿಗೀದು, ಜವಾಬ್ದಾರಿ ಮನೀದು

ನಮ್ಮ ಮನ್ಯಾಗ ವೈಶಾಖದಾಗ ಮದುವಿ ಐತಿ. ಸಣ್ಣ ಮೈದುನನ ಮಗಂದು. ಛತ್ರ ಆತು, ಅಡಗಿಯವರು ಆತು, ಜವಳಿ ಆತು. ಹೋದ ಐತವಾರ ಎಲ್ಲಾರೂ ಕುಂತು ಲೆಕ್ಕ ಹಾಕೂ ಮುಂದ, "ಹಂಗ ಕುದರೀನೂ ಒಂದು ಹೇಳಿಬಿಡ್ರಿ" ಅಂತ ಮಾತು ಬಂತು. ಅಡಗಿಯವರಿಗೆ ನಾವು ನೂರಾ ಎಂಟು ಪ್ರಶ್ನೆ ಕೇಳಿದ್ವಿ. ಹೋಳಗಿಗೆ ಕಡ್ಲಿಬ್ಯಾಳಿ ಎಷ್ಟು, ತುಪ್ಪ ಯಾವುದು, ಬಡಸಾವ್ರು ಎಷ್ಟು ಮಂದಿ, ಕೈಗೆ ಚೀಲ ಹಾಕ್ಕೋತಾರೋ ಇಲ್ಲೋ. ಕುದರಿ ಬಗ್ಗೆ ಕೇಳಿದ್ದು ಒಂದ ಪ್ರಶ್ನೆ: "ಬಿಳೀದು ಸಿಗತೈತೇನು?"

ನಾ ಅಂದ್ನಿ, ಕುದರಿ ಬ್ಯಾಡ. ಬೇಕ ಬೇಕಂದ್ರ ನಾ ಹೇಳಿದ ಷರತ್ತಿನ ಮ್ಯಾಲ. ಎಲ್ಲಾರೂ ನಕ್ಕರು. ನಕ್ಕವರೊಳಗ ನೀವೂ ಒಂದಿಷ್ಟು ಮಂದಿ ಇದ್ರಿ, ಅಕ್ಕಾರ. ಅದಕ್ಕ ಇದನ್ನ ಬರ್ಯಾಕತ್ತೇನಿ.

ಮೂರು ವರ್ಷದ ಹಿಂದ ದೊಡ್ಡ ಮೈದುನನ ಮಗನ ಮದುವ್ಯಾಗ ಆಗಿದ್ದನ್ನ ಎಲ್ಲಾರೂ ಮರತಾರ. ಇಲ್ಲಾ, ಮರತಂಗ ಮಾಡ್ತಾರ. ನಾ ಆವತ್ತು ಬಾಜೂಕ ಇದ್ದೆ, ನನಗ ಮರಿಯಾಕ ಆಗಿಲ್ಲ. ಸಂಜಿ ಏಳರ ಸುಮಾರು. ಮುಂದ ಬ್ಯಾಂಜೊ, ಹಿಂದ ಡಾಲ್ಬಿ, ನಡಕ ಕುದರಿ. ಅದರ ಮ್ಯಾಲ ಬಾಸಿಂಗ ಕಟಗೊಂಡ ಮದುಮಗ, ಅವನ ಮುಂದ ನಮ್ಮ ಅಕ್ಕನ ಐದು ವರ್ಷದ ಮೊಮ್ಮಗ. ಆ ಕುದರಿಗೆ ಅದು ಆವತ್ತಿನ ಮೂರನೇ ಮೆರವಣಿಗಿ ಅಂತ ನಮಗ ಗೊತ್ತಾಗಿದ್ದು ಆಮ್ಯಾಲ. ಹಗ್ಗ ಹಿಡದಾಂವ ಹದಿನೇಳು ಹದಿನೆಂಟರ ಹುಡುಗ. ಕುದರಿ ಭಾಳ ಜಗ್ಗತೈತಿ ಅಂತ ಹಗ್ಗಾನ್ನ ಅಂಗೈಗೆ ಎರಡು ಸುತ್ತು ಸುತಗೊಂಡಿದ್ದ. ಓಣಿ ತಿರುವಿನ್ಯಾಗ ನಮ್ಮ ಮನಿ ಹುಡುಗೂರ ಸರ ಪಟಾಕಿ ಹಚ್ಚಿ ಅದರ ಕಾಲಾಗ ಒಗದ್ರು.

ಮುಂದ ಆಗಿದ್ದು ಎಣಿಸಿದ್ರ ಹತ್ತು ಸೆಕೆಂಡ್ ಇಲ್ಲ. ಕುದರಿ ಹಿಂಗಾಲ ಮ್ಯಾಲ ಎದ್ದು ನಿಂತು, ಕಾಂಕ್ರೀಟ್ ರಸ್ತೆ ಮ್ಯಾಲ ಲಾಳ ಜಾರಿ, ಮಣಕಾಲೂರಿ ಬಿತ್ತು. ಕೂಸನ್ನ ಯಾರೋ ಪುಣ್ಯಾತ್ಮ ಗಾಳ್ಯಾಗ ಹಿಡದ. ಮದುಮಗನ ಕಾಲು ರಿಕಾಪಿನ ಬಳ್ಯಾಗ ಸಿಕ್ಕೊಂಡು, ಕುದರಿ ಎದ್ದು ಓಡೂ ಮುಂದ ನಾಕು ಮಾರು ಎಳಕೊಂಡು ಹೋತು. ಮೋಜಡಿ ಕಳಚಿತು ಅಂತ ಉಳದ, ಇಲ್ಲಂದ್ರ ತಲಿ ಒಡೀತಿತ್ತು. ಕೊಳ್ಳಿನ ಕೆಳಗಿನ ಎಲುಬು ಮುರೀತು. ಹಗ್ಗ ಹಿಡದ ಹುಡುಗನ ಅಂಗೈ ತೊಗಲು ಕಿತ್ತು ಬಂತು. ಕುದರಿ ಛತ್ರದ ಹಿಂದಿನ ಗ್ವಾಡಿಗೆ ಹೋಗಿ, ಮೈಯೆಲ್ಲಾ ನಡಗಕೋತ ನಿಂತಿತ್ತು, ಮಣಕಾಲಿಂದ ರಕ್ತ. ಹತ್ತು ಮಂದಿ ಮೊಬೈಲ್ ಹಿಡದು ನಿಂತಿದ್ರು, ಒಬ್ಬರ ಕೈಯಾಗೂ ಒಂದು ಬಕೇಟ್ ನೀರಿಲ್ಲ. ಮದುಮಗಗ 108 ಕರದ್ವಿ. ಕುದರಿಗೆ ಯಾರನ್ನ ಕರೀಬೇಕು? ಇನ್ನೂರು ಮಂದ್ಯಾಗ ಒಬ್ಬರಿಗೂ ಗೊತ್ತಿಲ್ಲ. ನಾ ಅಡಗಿ ಮನ್ಯಾಗಿಂದ ಒಂದು ಮುಷ್ಟಿ ಅರಿಷಿಣ ತಂದು ಕೊಟ್ಟೆ. ನನ್ನ ಕೈಲಾದದ್ದು ಅಷ್ಟ.

ಅದಕ್ಕಿಂತ ಕೆಟ್ಟದ್ದು ಮರುದಿನ ಆತು. "ಸೊಕ್ಕಿನ ಕುದರಿ ಕೊಟ್ಟಾನ" ಅಂತ ನಮ್ಮ ಹಿರೇರು ಮಾಲಕಗ ಉಳದ ರೊಕ್ಕ ಕೊಡಲಿಲ್ಲ. ಪಟಾಕಿ ಒಗದಾವ್ರು ನಮ್ಮವರು, ಡಾಲ್ಬಿ ಹೇಳಿದಾವ್ರು ನಮ್ಮವರು, ಕೂಸನ್ನ ಹತ್ತಿಸಿದಾವ್ರು ನಮ್ಮವರು. ತಪ್ಪು ಮಾತ್ರ ಕುದರೀದು. ನಾ ಬಾಗಲಾಗ ನಿಂತು ಕೇಳಿ ಸುಮ್ನ ಇದ್ದೆ.

ವರ್ಷಾದ ಮ್ಯಾಲ ನನ್ನ ಕೂಡಿಟ್ಟ ರೊಕ್ಕದಾಗ ಅದನ್ನ ತಗೊಂಡು ಅವರ ಮನಿ ಹುಡುಕ್ಕೊಂಡು ಹೋದೆ. ಮಾಲಕನ ಹೆಂಡತಿ ಚಾ ಕೊಟ್ಟಳು. ಕುದರಿ ಅಂಗಳದಾಗ ಇತ್ತು, ಮಣಕಾಲ ಮ್ಯಾಲ ಕೂದಲಿಲ್ಲದ ಕಲಿ. ಗಾಯ ಮಾಯ್ದೈತಿ, ಅಂಜಿಕಿ ಮಾಯ್ದಿಲ್ಲ, ಹಿತ್ತಲಾಗ ತಗಡು ಸಪ್ಪಳಾದ್ರೂ ನಡಗತೈತಿ ಅಂದಳು. "ಅಕ್ಕಾರ, ಇದರ ಕಾಲು ಹೋದ್ರ ನಮ್ಮ ಮನಿ ಒಲಿ ಆರತೈತಿ" ಅಂದಳು. ಆಕಿ, ಆಕಿ ಗಂಡ ಹೇಳಿದ್ದು, ಆಮ್ಯಾಲ ನಾ ಪಶು ವೈದ್ಯರಿಗೆ ಕೇಳಿ ತಿಳಕೊಂಡಿದ್ದು, ಎರಡನ್ನೂ ಕೂಡಿಸಿ ಇಲ್ಲಿ ಇಡಾಕತ್ತೇನಿ.

ನನ್ನ ಮಾತು ಇಷ್ಟ. ಕುದರೀನ್ನ ಬಾಡಿಗಿಗೆ ತಂದ ಎರಡು ತಾಸು ಅದು ನಮ್ಮ ಮನಿ ಪ್ರಾಣಿ. ಆ ಎರಡು ತಾಸಿನ್ಯಾಗ ಏನಾದ್ರೂ ಆದ್ರ ಏನು ಮಾಡಬೇಕು ಅನ್ನೂ ತಯಾರಿ ನಮ್ಮ ಹತ್ರ ಇರಬೇಕು. ಇಲ್ಲಂದ್ರ ತರಬಾರದು.

"ಅದು ಮಾಲಕನ ಕೆಲಸ, ನಮಗೇನು ಗೊತ್ತಾಗತೈತಿ" ಅಂತೀರಿ. ಯಾಕ ಗೊತ್ತಾಗಂಗಿಲ್ಲ? ನಾವು ದನದ ಹಕ್ಕಿಯೊಳಗ ಬೆಳದಾವ್ರು. ಕರು ಹಾಕಿದ ಆಕಳ ಹಿಂದ ಹೋಗಿ ನಿಂದ್ರಬಾರದು ಅಂತ ನಮ್ಮ ಅವ್ವ ಹೇಳಿಕೊಟ್ಟಾಳ. ಕಾರಹುಣ್ಣಿಮಿಗೆ ಎತ್ತಿನ ಕೋಡಿಗೆ ಬಣ್ಣ ಹಚ್ಚಿ, ಮೈ ತೊಳದು, ಹೋಳಗಿ ತಿನಸ್ತೀವಿ. ಎತ್ತಿಗೆ ಹೊಟ್ಟಿ ಉಬ್ಬಿದ್ರ ನಡುರಾತ್ರಿ ಎದ್ದು ಓಡ್ಯಾಡ್ತೀವಿ. ಕುದರಿಗೆ ಮಾತ್ರ ಝೂಲಾ ಹಾಕಿದ ಮ್ಯಾಲ ಅದು ಪ್ರಾಣಿ ಅನ್ನೂದ ಮರತ್ತ ಹೋಗತೈತಿ, ಹೂವಿನ ಮಂಟಪ ಇದ್ದಂಗ ಅದೂ ಒಂದು ಅಲಂಕಾರ ಆಗಿಬಿಡತೈತಿ.

ಕುದರಿ ಎತ್ತಿನಂಗಲ್ಲ. ಎತ್ತು ಅಂಜಿದ್ರ ಕೋಡು ತೋರಸತೈತಿ, ಕುದರಿ ಅಂಜಿದ್ರ ಓಡತೈತಿ. ಹುಲಿ ಚಿರತಿ ಕಂಡ್ರ ಓಡಿ ಜೀವ ಉಳಿಸಿಕೊಂಡ ಜಾತಿ ಅದು. ಅದಕ್ಕ ದೇವರು ಕಣ್ಣು ತಲಿ ಎರಡೂ ಬಾಜೂಕ ಇಟ್ಟಾನ. ಹೆಚ್ಚೂ ಕಡಿಮಿ ಸುತ್ತ ಎಲ್ಲಾ ಕಾಣತೈತಿ, ಬಾಲದ ನೇರ ಹಿಂದ ಮತ್ತ ಹಣಿ ಮುಂದ ಮೂಗಿನ ಬುಡಕ ಮಾತ್ರ ಕಾಣಂಗಿಲ್ಲ. ಅಂದ್ರ ಹಿಂದಿನಿಂದ ಹೋಗಿ ಬೆನ್ನು ತಟ್ಟಿದ್ರ ಅದಕ್ಕ ಅದು ಹುಲೀನ. ಕಿವಿ ಒಂದೊಂದೂ ಬ್ಯಾರೆ ಬ್ಯಾರೆ ಕಡೆ ತಿರುಗತಾವ, ನಮಗ ಕೇಳದ ಸಣ್ಣ ಚೂಪು ದನೀನೂ ಅದಕ್ಕ ಕೇಳತೈತಿ. ಅಂಥ ಕಿವಿ ಹಿಂದ ಡಾಲ್ಬಿ ನಿಂದ್ರಸ್ತೀವಲ್ಲ, ನಮ್ಮ ಎದಿನ ದಡದಡ ಅಂತೈತಿ, ಅದರ ಗತಿ ಏನು?

ಮೈಸೂರು ದಸರಾ ನೋಡ್ರಿ. ಜಂಬೂಸವಾರಿಗೆ ಹೋಗೂ ಆನಿಗೋಳಿಗೆ, ಅಶ್ವದಳದ ಕುದರಿಗೋಳಿಗೆ ಹಬ್ಬಕ್ಕಿಂತ ಮೊದಲ ಫಿರಂಗಿ ಹಾರಿಸಿ ಸಪ್ಪಳ ರೂಢಿ ಮಾಡಸ್ತಾರ. ಒಂದ ಸಲ ಅಲ್ಲ, ಮತ್ತ ಮತ್ತ. ಪೊಲೀಸರ ಕೈಯಾಗ ಪಳಗಿದಂಥ ಕುದರಿಗೂ ತಾಲೀಮು ಬೇಕು. ನಮ್ಮ ಓಣಿಗೆ ಬರೂ ಕುದರಿಗೆ ಯಾವ ತಾಲೀಮು? ನಾವು ಕಾಲಾಗ ಒಗದ ಪಟಾಕೀನ ಅದರ ತಾಲೀಮು.

"ನಮ್ಮ ಪದ್ಧತಿ, ಬಿಡಾಕ ಆಗತೈತೇನು?" ಅಂತ ಚಿಗವ್ವ ಅಂದಳು. ಚಿಗವ್ವಾ, ನಿನ್ನ ಮದುವಿ ಚಕ್ಕಡ್ಯಾಗ ಆಗೈತಿ, ಫೋಟೋ ನಿಮ್ಮ ಪಡಸಾಲ್ಯಾಗ ಐತಿ. ಇರಲಿ, ಕುದರಿ ಪದ್ಧತಿ ಅಂತನ ಇಟಗೊಳ್ಳೂಣು. ಕುದರಿ ಪದ್ಧತಿ ಇರಬಹುದು, ಅದರ ಹಿಂದ ಡಾಲ್ಬಿ ಯಾವ ಅಜ್ಜನ ಪದ್ಧತಿ? ಎರಡನ್ನೂ ಒಂದ ಕಡೆ ತರಬ್ಯಾಡ್ರಿ ಅಂತನ ನನ್ನ ಜಗಳ.

"ಬಡವರ ಹೊಟ್ಟಿ ಮ್ಯಾಲ ಹೊಡದಂಗ ಆಗತೈತಿ" ಅಂತ ಇನ್ನೊಬ್ಬರು. ಇದು ತೂಕದ ಮಾತು, ಇದಕ್ಕ ಉತ್ತರ ಕೊಡಬೇಕು. ಕುದರಿ ಕಾಲಿನ ಎಲುಬು ಮುರದ್ರ ಅದು ಕೂಡೂದು ಭಾಳ ಕಠಿಣ, ಅಷ್ಟು ಭಾರದ ಪ್ರಾಣಿ ಮೂರು ಕಾಲ ಮ್ಯಾಲ ತಿಂಗಳಾನುಗಟ್ಟಲೆ ನಿಂದ್ರಾಂಗಿಲ್ಲ. ಒಂದು ಸರ ಪಟಾಕಿ ಒಂದು ಮನಿ ಅನ್ನ ಕಸಗೊಳ್ಳತೈತಿ. ಹಂಗಾದ್ರ ಬಡವರ ಹೊಟ್ಟಿ ಮ್ಯಾಲ ಹೊಡದಾವ್ರು ಯಾರು? ಷರತ್ತು ಹಾಕಿ, ಪೂರ್ತಿ ರೊಕ್ಕ ಮೊದಲ ಕೊಟ್ಟು, ಒಂದು ತಾಸು ಮೊದಲ ಕುದರೀನ್ನ ಮನಿಗೆ ಕಳಸ್ರಿ. ಅದು ಹೊಟ್ಟಿಗೆ ಹಾಕಿದಂಗ.

ಕಾಯಿದೇನೂ ಐತಿ. ಬಂಡಿ ಎಳಿಯೂ, ಹೊರಿ ಹೊರೂ ಪ್ರಾಣಿಗೋಳ ಮ್ಯಾಲಿನ ಹಿಂಸೆ ತಡೀಲಿಕ್ಕೆ 1965ರಾಗ ಕೇಂದ್ರ ಸರಕಾರ ನಿಯಮ ಮಾಡೈತಿ. ದಿನಕ್ಕ ಒಟ್ಟು 9 ತಾಸಿಗಿಂತ ಹೆಚ್ಚು ದುಡಿಸಬಾರದು, ಬಿಡುವಿಲ್ಲದ 5 ತಾಸಿಗಿಂತ ಹೆಚ್ಚು ದುಡಿಸಬಾರದು, ಬಿಸಲು 37 ಡಿಗ್ರಿ ದಾಟೂ ಕಡೆ ಮಧ್ಯಾಹ್ನ 12ರಿಂದ 3ರ ತನಕ ದುಡಿಸಬಾರದು, ಮುಳ್ಳಿನ ಕಡಿವಾಣ ಹಾಕಬಾರದು. ನಮ್ಮ ವೈಶಾಖದ ಬಿಸಲು ನೆನಸ್ಕೊಳ್ರಿ, ಹನ್ನೆರಡೂವರಿ ಮುಹೂರ್ತದ ಮೆರವಣಿಗಿ ನೆನಸ್ಕೊಳ್ರಿ. ಡಾಲ್ಬಿಗೂ 2000ದಾಗಿನ ನಿಯಮ ಐತಿ, ಮನಿಗೋಳು ಇರೂ ಕಡೆ ಹಗಲ 55 ಡೆಸಿಬಲ್, ರಾತ್ರಿ 10ರ ಮ್ಯಾಲ ಬಯಲಾಗ ಧ್ವನಿವರ್ಧಕ ಹಚ್ಚೂಹಂಗಿಲ್ಲ. ಯಾರು ಕೇಳ್ತಾರ ಅಂತೀರಿ. ಮನಿ ಯಜಮಾನತಿ ಕೇಳಿದ್ರ ಸಾಕು, ಪೊಲೀಸರ ತನಕ ಹೋಗೂದು ಬ್ಯಾಡ.

ಈಗ ನನ್ನ ಷರತ್ತು. ಬರದಿಟಗೊಳ್ರಿ.

ಕುದರೀನ್ನ ಹಗಲಹೊತ್ತು ಹೋಗಿ ನೋಡಬೇಕು, ಫೋಟೋದಾಗಲ್ಲ. ಜೀನು ತಗಿಸಿ ಬೆನ್ನು ನೋಡ್ರಿ, ಹುಣ್ಣು ಇದ್ರ ಬ್ಯಾಡ ಅನ್ರಿ. ಬಾಯಿ ಮೂಲ್ಯಾಗ ಗಾಯ ಇದ್ರ ಕಡಿವಾಣ ಮುಳ್ಳಿಂದು ಅಂತ ತಿಳಕೊಳ್ರಿ. ನಾಕು ಹೆಜ್ಜಿ ನಡಿಸಿ ನೋಡ್ರಿ, ಹೆಜ್ಜಿಗೊಮ್ಮೆ ತಲಿ ಎತ್ತಿ ಹಾಕಿದ್ರ ಕಾಲಾಗ ನೋವು ಐತಿ. ಮಾಲಕಗ ಹೇಳಿ ವಸಡು ತೋರಿಸಿಕೊಳ್ರಿ. ಛಲೋ ಇದ್ದ ಕುದರಿ ವಸಡು ಗುಲಾಬಿ ಬಣ್ಣ, ಹಸಿ ಹಸಿ ಇರತೈತಿ. ಬೆರಳಲೆ ಒತ್ತಿ ಬಿಟ್ರ ಎರಡು ಸೆಕೆಂಡಿನ್ಯಾಗ ಬಣ್ಣ ತಿರುಗಿ ಬರಬೇಕು. ಧನುರ್ವಾಯುವಿನ ಸೂಜಿ ಹಾಕ್ಸೀರೇನು ಅಂತ ಕೇಳ್ರಿ. ಕುದರಿಗೆ ಆ ರೋಗ ಭಾಳ ಲಗೂ ಹತ್ತತೈತಿ, ಒಂದು ಸಣ್ಣ ಮಳಿ ಚುಚ್ಚಿದ್ರೂ ಸಾಕು. ಮೂಗಿನ್ಯಾಗ ಹುಣ್ಣು, ದಪ್ಪ ಸಿಂಬಳ ಇದ್ರ ಹತ್ರನ ಹೋಗಬ್ಯಾಡ್ರಿ. ಗ್ಲ್ಯಾಂಡರ್ಸ್ ಅಂತ ಒಂದು ರೋಗ ಐತಿ, ಕುದರಿಯಿಂದ ಮನಿಷ್ಯಾರಿಗೂ ಬರತೈತಿ, ಅದಕ್ಕ ಲಸಿಕಿ ಇಲ್ಲ.

ಆ ದಿನ ನಮ್ಮದು ಒಂದ ಮೆರವಣಿಗಿ, ಹೆಚ್ಚಂದ್ರ ಎರಡು ತಾಸು. ಬ್ಯಾರೆ ಕಡೆ ದುಡದು ಬಂದದ್ದು ಬ್ಯಾಡ, ಅದರ ರೊಕ್ಕ ನಾವ ಕೊಡೂಣು. ಹಗ್ಗ ಹಿಡ್ಯಾಕ ತಿಳದ ದೊಡ್ಡ ಮನಿಷ್ಯಾ ಇರಬೇಕು, ಇಬ್ಬರಿದ್ರ ಇನ್ನೂ ಛಲೋ. ಹಗ್ಗಾನ್ನ ಯಾರೂ ಕೈಗೆ ಸುತಗೋಬಾರದು, ಮಡಚಿ ಮುಷ್ಟ್ಯಾಗ ಹಿಡೀಬೇಕು. ಕಟ್ಟೂದಾದ್ರ ತುದಿ ಜಗ್ಗಿದ ಕೂಡಲೆ ಬಿಚ್ಚೂ ಗಂಟ ಹಾಕಬೇಕು. ಪ್ಲಾಸ್ಟಿಕ್ ಕುರ್ಚಿಗೆ, ಶಾಮಿಯಾನದ ಕಂಬಕ್ಕ ಕಟ್ಟಬಾರದು. ಅಂಜಿದ ಕುದರಿ ಕುರ್ಚಿ ಎಳಕೊಂಡು ಓಡಿದ್ರ, ಆ ಕುರ್ಚಿ ಸಪ್ಪಳಕ್ಕ ಇನ್ನೂ ಓಡತೈತಿ.

ಪಟಾಕಿ ಇಲ್ಲ. ಡಾಲ್ಬಿ ಇಲ್ಲ. ಹಲಗಿ, ಸನಾದಿ ಇರಲಿ, ಅದೂ ನಾಕು ಮಾರು ದೂರ. ದೀಪದ ಗಾಡಿ ವಾಯರ್ ನೆಲದ ಮ್ಯಾಲ ಹರದಾಡಬಾರದು. ಕಬ್ಬಿಣದ ಲಾಳದ ಕಾಲು, ಹಸಿ ನೆಲ, ಸುಲಿದ ವಾಯರ್ ಕೂಡಿದ್ರ ಏನಾಗತೈತಿ ಅಂತ ಹೇಳೂದ ಬ್ಯಾಡ.

ಕೂಸುಗೋಳನ್ನ ಹತ್ತಸಬಾರದು. ಇದರಾಗ ಮಾತ ಇಲ್ಲ. "ಫೋಟೋಕ್ಕ ಒಂದ ನಿಮಿಷ" ಅಂತ ಅನಬ್ಯಾಡ್ರಿ, ಆವತ್ತೂ ಹಂಗ ಅಂದಿದ್ರು. ಮದುಮಗ ರಿಕಾಪಿನ್ಯಾಗ ಪೂರಾ ಕಾಲು ತುರಕಬಾರದು, ಬೆರಳ ಬುಡದ ಭಾಗ ಇಟ್ರ ಸಾಕು. ಬಾಸಿಂಗದ ಮುತ್ತಿನ ಸಾಲು ಕಣ್ಣಿಗೆ ಅಡ್ಡ ಬರದಂಗ ಸರಿಸಿ ಕಟ್ರಿ.

ಕುದರಿಗೆ ಬುಂದೆ ಲಾಡು, ಪೂರಿ, ಉಳದ ಅನ್ನ ತಿನಿಸಬ್ಯಾಡ್ರಿ. ಪ್ರೀತಿ ಅಂತ ತಿನಸ್ತೀರಿ, ಖರೆ. ಕುದರಿಗೆ ವಾಂತಿ ಮಾಡಾಕ ಬರಂಗಿಲ್ಲ. ಒಳಗ ಹೋಗಿದ್ದು ತಿರುಗಿ ಹೊರಗ ಬರೂ ದಾರಿ ಇಲ್ಲ, ಹಂಗಾಗಿ ಹೊಟ್ಟಿನೋವು ಅದಕ್ಕ ಜೀವಕ್ಕ ಬರೂ ರೋಗ. ನೆಲ ಕೆರಿಯೂದು, ತಿರುತಿರುಗಿ ತನ್ನ ಪಕ್ಕಡಿ ನೋಡೂದು, ಮಲಗಿ ಹೊರಳೂದು, ಲದ್ದಿ ಹಾಕದ ಇರೂದು ಕಂಡ್ರ ತಿನ್ನೂದು ಎಲ್ಲಾ ದೂರ ಇಟ್ಟು ಕೂಡಲೆ ವೈದ್ಯರನ್ನ ಕರೀಬೇಕು. ನಮ್ಮ ಹಿರೇರು ಎತ್ತಿಗೆ ಗೊಟ್ಟ ಹಾಕಿದಂಗ ಎಣ್ಣಿ, ಶುಂಠಿ ನೀರು ಬಾಯಾಗ ಸುರೀಬ್ಯಾಡ್ರಿ, ಪುಪ್ಪಸಕ್ಕ ಹೋದ್ರ ಅದರಿಂದನ ಸಾಯತೈತಿ. ನೀರು ಮಾತ್ರ ಧಾರಾಳ ಇಡ್ರಿ. ಕುದರಿ ದಿನಕ್ಕ 25ರಿಂದ 40 ಲೀಟರ್ ಕುಡೀತೈತಿ, ಬ್ಯಾಸಗ್ಯಾಗ ದುಡದ್ರ ಇನ್ನೂ ಹೆಚ್ಚು. ಬೀಗರಿಗೆ ಶರಬತ್ತು ಕೊಡೂ ಮುಂದ ಅದರ ಬಕೇಟೂ ನೆನಪಿರಲಿ.

ಇನ್ನ ಒಂದು ಚೀಲ. ಮದುವಿ ದಿನ ನಮ್ಮ ಕೈಯಾಗ ಕುಂಕುಮ, ಪಿನ್ನು, ಕ್ರೋಸಿನ್ ಇರೂ ಚೀಲ ಇರತೈತಲ್ಲ, ಅದರ ಬಾಜೂಕ ಕುದರಿದೂ ಒಂದು. ಎರಡು ಹಳೇ ಧೋತರ ತೊಳದು ಒಣಗಿಸಿದ್ದು, ಹತ್ತಿ, ಅಗಲದ ಬ್ಯಾಂಡೇಜ್ ಪಟ್ಟಿ, ಗಾಯ ತೊಳ್ಯಾಕ ಕುದಿಸಿ ಆರಿಸಿದ ಉಪ್ಪುನೀರಿನ ಬಾಟ್ಲಿ, ಹಗ್ಗ ಕೊಯ್ಯಾಕ ಹರಿತಾದ ಚಾಕು, ಇನ್ನೊಂದು ಹಗ್ಗ, ಬ್ಯಾಟರಿ. ರಕ್ತ ಬಂದ್ರ ಅರಿಷಿಣ ತುಂಬೂದಲ್ಲ, ಧೋತರ ಮಡಚಿ ಗಾಯದ ಮ್ಯಾಲ ಗಟ್ಟಿ ಒತ್ತಿ ಕಟ್ಟೂದು. ಅದನ್ನೂ ಮಾಲಕನ ಮಾಡಬೇಕು, ನಾವು ಕಾಲ ಬುಡಕ ಹೋಗೂದಲ್ಲ. ಚೀಲದ ಮ್ಯಾಲ ದಪ್ಪ ಅಕ್ಷರದಾಗ ಎರಡು ನಂಬರ್: ಮನಿಷ್ಯಾರಿಗೆ 108, ಪ್ರಾಣಿಗೆ 1962. ಈ 1962 ಪಶು ವೈದ್ಯರ ಗಾಡಿ ಕರಿಯೂ ನಂಬರ್, ರೊಕ್ಕ ಇಲ್ಲ. ಅದನ್ನೊಂದ ನಂಬಿ ಕುಂಡ್ರಬ್ಯಾಡ್ರಿ, ಮೆರವಣಿಗಿ ರಾತ್ರಿ ಇದ್ರಂತೂ ಬ್ಯಾಡ. ಎರಡು ದಿನ ಮೊದಲ ಹತ್ರದ ಪಶು ಆಸ್ಪತ್ರಿಗೆ ಹೋಗಿ ಡಾಕ್ಟರ್ ನಂಬರ್ ಬರಕೊಂಡು ಬರ್ರಿ.

ಎಲ್ಲಾ ಮಾಡಿದ ಮ್ಯಾಲೂ ಕುದರಿ ಬೆದರಿದ್ರ? ಮೊದಲ ಸಪ್ಪಳ ಬಂದ್. ಕೂಸುಗೋಳನ್ನ ಎತಗೊಂಡು ಗ್ವಾಡಿಗೆ ಹತ್ತಿ ನಿಂದ್ರೂದು. ಚೀರಬಾರದು, ಅಡ್ಡ ನಿಂದ್ರಬಾರದು, ಬೆನ್ನ ಹತ್ತಿ ಓಡಬಾರದು. ಹಿಂದ ಓಡಿದ್ರ ಅದು ಇನ್ನೂ ಓಡತೈತಿ. ದಣದು ನಿಂತಾಗ ಅದಕ್ಕ ಗುರುತಿದ್ದ ಒಬ್ಬ ಮನಿಷ್ಯಾ ಮಾತಾಡಕೋತ, ಹೆಗಲ ಬಾಜೂಲಿಂದ ಮೆಲ್ಲಕ ಹೋಗೂದು. ಇದನ್ನ ಮೆರವಣಿಗಿ ಹೊಂಡೂಕಿಂತ ಮೊದಲ ಮನಿ ಹುಡುಗೂರಿಗೆ ಒಮ್ಮೆ ಹೇಳಬೇಕು. ಕೋಟಿ ಸೂರಿ ಹೋದ ಮ್ಯಾಲ ದಿಡ್ಡಿ ಬಾಗಲಾ ಹಾಕಿದ್ರ ಏನು ಉಪಯೋಗ?

ಈ ಪಟ್ಟಿ ಓದಿ ಮೈದುನ ಅಂದ, "ವೈನಿ, ಇಷ್ಟೆಲ್ಲಾ ಮಾಡೂದಾದ್ರ ಕುದರೀನ ಬ್ಯಾಡ ಬಿಡ್ರಿ." ನಾ ಅಂದ್ನಿ, ಅದೂ ಛಲೋ ಉತ್ತರ ಐತೆಪಾ. ಇಷ್ಟು ಮಾಡಾಕ ಆಗದಿದ್ದಾಗ ತರದ ಇರೂದ ಸರಿ. ಆದ್ರ ಡಾಲ್ಬಿ ಉಳಸ್ಕೋಬೇಕು ಅಂತ ಕುದರಿ ಬಿಟ್ಟು, ನಾಳೆ ಬೀಗರ ಮುಂದ ಮಾನ ಹೋಗತೈತಿ ಅಂತ ಕಡೀ ಗಳಿಗ್ಯಾಗ ಯಾವುದೋ ಕುದರಿ ಹಿಡಕೊಂಡು ಬಂದ್ರ, ಆರತಿ ತಾಟು ಹಿಡದು ನಾ ಹೊರಗ ಬರಂಗಿಲ್ಲ. ಇದನ್ನ ಎಲ್ಲಾರ ಮುಂದ ಹೇಳೇನಿ, ಈಗ ಬರದೂ ಕೊಟ್ಟೇನಿ.

ನಿಮ್ಮ ನಿಮ್ಮ ಮನ್ಯಾಗೂ ಈ ವರ್ಷ ಲಗ್ನ ಅದಾವ, ನನಗ ಗೊತ್ತೈತಿ. ಕುದರಿ ಹೇಳಾಕ ಗಂಡಸರು ಹೋಗೂ ಮುಂದ ನೀವೂ ಒಬ್ಬರು ಜೋಡಿ ಹೋಗ್ರಿ. "ಬಿಳೀದು ಐತೇನು" ಅಂತ ಕೇಳೂಕಿಂತ ಮೊದಲ, "ಇವತ್ತು ನೀರು ಕುಡದೈತೇನು" ಅಂತ ಕೇಳ್ರಿ.